ಹೆಡ್‌ಫೋನ್ ಹಾಕಿದರೂ ಸ್ಪೀಕರ್ ಒಮ್ಮೆ ಕೂಗುವುದೇಕೆ?

ಪ್ರಶ್ನೆ: ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಎಂಬೆಡೆಡ್ ಲಿನಕ್ಸ್ ಎಂಜಿನಿಯರ್, 4 ವರ್ಷದ ಅನುಭವ. ಶಾಲೆ, ಬಸ್ ನಿಲ್ದಾಣಗಳಿಗೆ ಗೋಡೆಗೆ ಹಾಕುವ ಘೋಷಣೆಯ ಪೆಟ್ಟಿಗೆ ಮಾಡುತ್ತೇವೆ. ಒಳಗೆ 8 ಓಮ್, 3 ವ್ಯಾಟಿನ ಸ್ಪೀಕರ್ ಇದೆ. ಪರೀಕ್ಷಿಸಿ ಕೇಳಲು ಹೆಡ್‌ಫೋನ್ ಜ್ಯಾಕ್, ಹೊರಗಿನ ದೊಡ್ಡ ಆಂಪ್ಲಿಫೈಯರ್‌ಗೆ ಲೈನ್ ಔಟ್. ಆಡಿಯೋ ಕೋಡೆಕ್‌ನ (ಡಿಜಿಟಲ್ ಸದ್ದನ್ನು ಸ್ಪೀಕರ್‌ಗೆ ಬೇಕಾದ ಸಿಗ್ನಲ್ ಆಗಿಸುವ ಚಿಪ್) ಗೇನ್ (ಸದ್ದನ್ನು ಎಷ್ಟು ಹೆಚ್ಚಿಸಬೇಕೆಂಬ ಮಟ್ಟ), ಸ್ವಿಚ್, ಈಕ್ವಲೈಜರ್ ಎಲ್ಲವೂ ಮೊದಲು ಸಿ ಕೋಡಿನ ಇಫ್-ಎಲ್ಸ್ ಒಳಗಿದ್ದವು. ಮುಂದಿನ ವರ್ಷ ಬೇರೆ ಕೋಡೆಕ್‌ನ ಇನ್ನೆರಡು ಬೋರ್ಡ್ ಬರಲಿವೆ. ಆದ್ದರಿಂದ ನಮ್ಮ ಹಿರಿಯರು ಇಂಟೆಲ್‌ನ ಪ್ಯಾರಾಮೀಟರ್ ಫ್ರೇಮ್‌ವರ್ಕ್‌ಗೆ (ಇಂಥ ಸೆಟ್ಟಿಂಗ್‌ಗಳನ್ನು ಕೋಡಿನ ಬದಲು ಎಕ್ಸ್‌ಎಂಎಲ್ ಎಂಬ ಪಠ್ಯ ಫೈಲುಗಳಲ್ಲಿ ಬರೆದಿಡುವ ಸಾಫ್ಟ್‌ವೇರ್) ಬದಲಾಯಿಸಲು ಹೇಳಿದರು, "ಪ್ಲಗಿನ್ ಹಾಕಿದರೆ ಸಾಕು, ಉಳಿದದ್ದು ಎಕ್ಸ್‌ಎಂಎಲ್ ನೋಡಿಕೊಳ್ಳುತ್ತೆ" ಅಂದರು. ಎರಡು ತಿಂಗಳಾಯಿತು. ಹೆಡ್‌ಫೋನ್ ಹಾಕಿ ಘೋಷಣೆ ಒತ್ತಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸ್ಪೀಕರ್ ಕೂಗಿ ನಿಲ್ಲುತ್ತದೆ. ಟ್ಯೂನಿಂಗ್ ಮಾಡಿ ಕೂರಿಸಿದ ಗೇನ್ ಆಮೇಲೆ ನೋಡಿದರೆ ಮಾಯ. ಎಲ್ಲಕ್ಕಿಂತ ಕೆಟ್ಟದ್ದು, ಎರಡು ಸ್ಪೀಕರ್ ಸುಟ್ಟಿವೆ. ನಮ್ಮ ಧ್ವನಿ ಪರಿಣತರಿಗೆ ಕೋಡಿಂಗ್ ಬರುವುದಿಲ್ಲ, ಅವರಿಗೆ ಈ ಪದ್ಧತಿ ಇಷ್ಟವಾಗಿದೆ. ನನಗೆ ಮಾತ್ರ ನಂಬಿಕೆ ಹೋಗಿದೆ. ಬಿಟ್ಟು ಹಳೆಯದಕ್ಕೇ ಮರಳಲೇ? ಎಕ್ಸ್‌ಎಂಎಲ್ ಫೈಲುಗಳು, ಬೂಟ್ ಸ್ಕ್ರಿಪ್ಟ್, ಲಾಗ್ ಜೊತೆಗಿವೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿದ್ದರೂ ಅವುಗಳ ಅಡಿಯಲ್ಲಿರುವ ಅಂಜಿಕೆ ಒಂದೇ: ನಾನು ಬರೆಯದ ಯಾವುದೋ ಒಂದು ತುಂಡು ಕೋಡು ನನ್ನ ಹಾರ್ಡ್‌ವೇರನ್ನು ತನ್ನಿಷ್ಟದಂತೆ ಆಡಿಸುತ್ತಿದೆಯೇ? ಫೈಲುಗಳನ್ನು ಕೂತು ಎರಡು ಸಲ ಓದಿದೆ. ಅದು ತನ್ನಿಷ್ಟದಂತೆ ಏನನ್ನೂ ಮಾಡಿಲ್ಲ. ನೀವು ಬರೆದುಕೊಟ್ಟದ್ದನ್ನು ಅಕ್ಷರಶಃ ಮಾಡಿದೆ, ತೊಂದರೆ ಹುಟ್ಟಿರುವುದೂ ಅಲ್ಲಿಂದಲೇ. ಇದನ್ನು ನಿಮ್ಮ ಅಜಾಗರೂಕತೆ ಎಂದು ತಿಳಿಯಬೇಡಿ. ಈ ಫ್ರೇಮ್‌ವರ್ಕಿನ ಮುಖ್ಯ ನಡವಳಿಕೆಗಳಲ್ಲಿ ಕೆಲವು ಕೋಡನ್ನು ತೆರೆದು ಓದಿದವರಿಗೆ ಮಾತ್ರ ತಿಳಿಯುತ್ತವೆ. ನಾನೂ ಹಾಗೆಯೇ ಕಲಿತದ್ದು, ನಿಮಗಿಂತ ಹೆಚ್ಚು ದಿನ ಕಳೆದು.

ಮೊದಲು ನಿಮ್ಮ ಹಿರಿಯರ ಮಾತು. "ಪ್ಲಗಿನ್ ಹಾಕಿದರೆ ಸಾಕು" ಎಂಬುದು ಅರ್ಧ ನಿಜ. ಫ್ರೇಮ್‌ವರ್ಕ್‌ಗೆ ನಿಮ್ಮ ಕೋಡೆಕ್ ಎಂದರೇನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೆಸರು, ಬಗೆ, ಮಿತಿ ಇಷ್ಟೇ: ಇದೊಂದು ಪೂರ್ಣಾಂಕ, 8 ಬಿಟ್, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಇದೊಂದು ಹೌದು-ಇಲ್ಲ, ಇದು ಹೆಸರುಗಳ ಪಟ್ಟಿಯಿಂದ ಆರಿಸುವಂಥದ್ದು. ಆ ಬೆಲೆಯನ್ನು (ವ್ಯಾಲ್ಯೂ) ಹಾರ್ಡ್‌ವೇರ್‌ಗೆ ಮುಟ್ಟಿಸುವ ದುಬಾಷಿಯೇ ಪ್ಲಗಿನ್. ಆಲ್ಸಾ (ಲಿನಕ್ಸ್‌ನ ಧ್ವನಿ ವ್ಯವಸ್ಥೆ) ಪ್ಲಗಿನ್ ಆದರೆ ಮಿಕ್ಸರ್ ಕಂಟ್ರೋಲ್ ಹೆಸರಿಗೆ ಬರೆಯುತ್ತದೆ, ಫೈಲ್‌ಸಿಸ್ಟಂ ಪ್ಲಗಿನ್ ಆದರೆ ಒಂದು ಫೈಲಿಗೆ ಬರೆಯುತ್ತದೆ. ದುಬಾಷಿ ಮಾತನ್ನು ಅತ್ತಿತ್ತ ದಾಟಿಸುತ್ತಾನೆ, ಆದರೆ ಏನು ಮಾತಾಡಬೇಕೆಂಬುದು ಅವನ ಕೆಲಸವಲ್ಲ. ಆಂಡ್ರಾಯ್ಡ್‌ನಲ್ಲಿ ಇದೇ ಫ್ರೇಮ್‌ವರ್ಕನ್ನು ಆಡಿಯೋ ಪಾಲಿಸಿಗೆ ಬಳಸಿದ್ದಾರೆ. ಅಲ್ಲಿನ ಪ್ಲಗಿನ್ ಹಾರ್ಡ್‌ವೇರನ್ನು ಮುಟ್ಟುವುದೇ ಇಲ್ಲ; ಯಾವ ಬಗೆಯ ಸದ್ದು ಯಾವ ಸಾಧನಕ್ಕೆ ಹೋಗಬೇಕು ಎಂಬ ಆಯ್ಕೆಯನ್ನೇ ಪಾಲಿಸಿ ಎಂಜಿನ್ ಒಳಗೆ ಬರೆಯುತ್ತದೆ. 

ಎರಡನೆಯ ಅರ್ಧ, "ಉಳಿದದ್ದು ಎಕ್ಸ್‌ಎಂಎಲ್ ನೋಡಿಕೊಳ್ಳುತ್ತೆ" ಎಂಬುದು, ಹೆಚ್ಚು ಅಪಾಯದ ಮಾತು. ಇದು ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡೋಣ, ಏಕೆಂದರೆ ನಿಮ್ಮ ಮೂರೂ ತೊಂದರೆಗಳ ಬೇರು ಇಲ್ಲಿಯೇ ಇದೆ.

ಹೊರ ಜಗತ್ತಿನ ಸ್ಥಿತಿಯನ್ನು ಫ್ರೇಮ್‌ವರ್ಕ್‌ಗೆ ತಿಳಿಸುವುದು ಕ್ರೈಟೀರಿಯಾ (ಏಕವಚನದಲ್ಲಿ ಕ್ರೈಟೀರಿಯನ್, ಸ್ಥಿತಿ ಹೇಳುವ ಮಾನದಂಡ) ಮೂಲಕ. ನಿಮ್ಮಲ್ಲಿ ಮೂರಿವೆ: ಸದ್ದು ಹೋಗುವ ದಾರಿ (ಸ್ಪೀಕರ್, ಹೆಡ್‌ಫೋನ್, ಲೈನ್), ಕೆಲಸದ ಸ್ಥಿತಿ (ಸುಮ್ಮನೆ, ಘೋಷಣೆ, ಸಂಗೀತ, ಮೈಕ್), ರಾತ್ರಿ ಹೌದೋ ಅಲ್ಲವೋ. ಗುಣಿಸಿದರೆ 24 ಸಂದರ್ಭ. ಹಳೆಯ ಇಫ್-ಎಲ್ಸ್ ಈ 24ನ್ನೂ ಒಂದೇ ಕಡೆ ಹೆಣೆದುಕೊಂಡಿತ್ತು. ಇನ್ನೊಂದು ಹೌದು-ಅಲ್ಲ ಸೇರಿದರೆ 48 ಆಗುತ್ತಿತ್ತು. ಫ್ರೇಮ್‌ವರ್ಕ್ ಅದನ್ನು ಡೊಮೈನ್‌ಗಳಾಗಿ, ಅಂದರೆ ಒಟ್ಟಿಗೆ ಬದಲಾಗುವ ಪ್ಯಾರಾಮೀಟರ್‌ಗಳ ಗುಂಪುಗಳಾಗಿ, ಒಡೆಯುತ್ತದೆ. ಸ್ವಿಚ್‌ಗಳ ಡೊಮೈನ್‌ಗೆ ದಾರಿ ಯಾವುದು ಎಂಬುದಷ್ಟೇ ಬೇಕು, ರಾತ್ರಿಯಾಗಿದೆಯೇ ಎಂಬುದು ಬೇಡ. ಈಕ್ವಲೈಜರ್ ಡೊಮೈನ್‌ಗೆ ಸ್ಥಿತಿ ಬೇಕು. ಒಂದೊಂದು ಡೊಮೈನ್ ಒಳಗೂ ಕೆಲವು ಕಾನ್ಫಿಗರೇಶನ್ (ಆ ಗುಂಪಿನ ಬೆಲೆಗಳ ಒಂದು ಸೆಟ್), ಒಂದೊಂದಕ್ಕೂ ಅದು ಯಾವಾಗ ಜಾರಿಯಾಗಬೇಕೆಂದು ಹೇಳುವ ಒಂದು ರೂಲ್. ಇಷ್ಟು ಚೊಕ್ಕವಾಗಿ ಒಡೆಯಬಹುದು ಎಂಬ ಕಾರಣಕ್ಕೇ ನನಗೆ ಈ ವಿನ್ಯಾಸದ ಮೇಲೆ ಗೌರವವಿದೆ.

ಆದರೆ ರೂಲ್‌ಗಳನ್ನು ಅದು ಓದುವ ಕ್ರಮ ಗೊತ್ತಿರಬೇಕು. ಡೊಮೈನ್ ಒಳಗಿನ ಕಾನ್ಫಿಗರೇಶನ್‌ಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ, ರೂಲ್ ಹೊಂದಿದ ಮೊದಲನೆಯದನ್ನು ಹಿಡಿಯುತ್ತದೆ, ಮುಂದಿನದನ್ನು ನೋಡುವುದಿಲ್ಲ. ಒಂದೂ ಹೊಂದದಿದ್ದರೆ? ಆ ಡೊಮೈನನ್ನು ಮುಟ್ಟುವುದೇ ಇಲ್ಲ, ಹಿಂದಿನ ಬೆಲೆ ಹಾಗೆಯೇ ಉಳಿಯುತ್ತದೆ. ಹೊಂದಿದ್ದು ಈಗಾಗಲೇ ಜಾರಿಯಲ್ಲಿರುವ ಕಾನ್ಫಿಗರೇಶನ್ನೇ ಆಗಿದ್ದರೆ? ಆಗಲೂ ಮತ್ತೆ ಬರೆಯುವುದಿಲ್ಲ. ಈ ಮೂರು ವಾಕ್ಯಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ನಾನು ಅಂಟಿಸಿಕೊಂಡಿದ್ದೆ.

ಈಗ ಸ್ಪೀಕರ್ ಕೂಗಿನ ವಿಚಾರ. ನಿಮ್ಮ ಲಾಗಿನಲ್ಲಿ ಗುಂಡಿ ಒತ್ತಿದ ಮೇಲೆ ಕಾನ್ಫಿಗರೇಶನ್ ಅನ್ವಯಿಸುವ ಕರೆ ಎರಡು ಸಲ ಕಾಣುತ್ತದೆ. ನಿಮ್ಮ ಪ್ರೋಗ್ರಾಂ ಮೊದಲು ಸ್ಥಿತಿಯನ್ನು "ಘೋಷಣೆ" ಮಾಡಿ ಅಪ್ಲೈ ಕರೆಯುತ್ತದೆ. ಆಮೇಲೆ ಜ್ಯಾಕ್ ನೋಡಿ ದಾರಿಯನ್ನು "ಹೆಡ್‌ಫೋನ್" ಮಾಡಿ ಮತ್ತೆ ಅಪ್ಲೈ ಕರೆಯುತ್ತದೆ. ನಡುವಿನ ಆ ಹೊತ್ತಿನಲ್ಲಿ ಫ್ರೇಮ್‌ವರ್ಕ್‌ಗೆ ತಿಳಿದಿರುವ ಲೋಕ ಏನು? ಸ್ಥಿತಿ ಘೋಷಣೆ, ದಾರಿ ಸ್ಪೀಕರ್. ಸ್ಪೀಕರನ್ನು ಪೂರ್ತಿ ತೆರೆಯಿತು. ಅದರ ತಪ್ಪೇನೂ ಇಲ್ಲ, ಆ ಕ್ಷಣದ ಸತ್ಯ ಅದೇ ಎಂದು ನೀವೇ ಹೇಳಿದ್ದೀರಿ.

ಕ್ರೈಟೀರಿಯನ್‌ಗೆ ಬೆಲೆ ಕೊಡುವುದು ಬೇರೆ, ಅಪ್ಲೈ ಮಾಡುವುದು ಬೇರೆ ಎಂದು ಇಟ್ಟಿರುವುದೇ ಇದಕ್ಕಾಗಿ. ಬೆಲೆ ಕೊಟ್ಟಾಗ ಏನೂ ಆಗುವುದಿಲ್ಲ. ಅಪ್ಲೈ ಕರೆದಾಗಲೇ ರೂಲ್‌ಗಳ ಲೆಕ್ಕ. ಆದ್ದರಿಂದ ಜ್ಯಾಕ್ ನೋಡಿ, ರಾತ್ರಿಯೇ ನೋಡಿ, ಸ್ಥಿತಿ ಬದಲಿಸಿ, ಎಲ್ಲ ಆದ ಮೇಲೆ ಒಂದೇ ಒಂದು ಅಪ್ಲೈ. ಜ್ಯಾಕ್ ಗಮನಿಸುವ ಥ್ರೆಡ್ ಬೇರೆ, ಗುಂಡಿ ಗಮನಿಸುವ ಥ್ರೆಡ್ ಬೇರೆ ಇದ್ದರೆ ಎರಡೂ ನೇರವಾಗಿ ಫ್ರೇಮ್‌ವರ್ಕನ್ನು ಕರೆಯಬಾರದು. ನಡುವೆ ಒಂದು ಸರತಿ ಸಾಲು (ಕ್ಯೂ) ಇಟ್ಟು, ಒಬ್ಬನೇ ಕರೆಯುವಂತೆ ಮಾಡಿ.

ಇಷ್ಟಕ್ಕೇ ಕೂಗು ನಿಲ್ಲುತ್ತದೆ ಎಂದು ಹೇಳಲಾರೆ. ನಿಮ್ಮ ಫೈಲಿನಲ್ಲಿ ಇನ್ನೊಂದು ಎಡವಟ್ಟಿದೆ. ಫ್ರೇಮ್‌ವರ್ಕ್ ತನ್ನೊಳಗೆ ಎಲ್ಲ ಬೆಲೆಗಳನ್ನೂ ಇಟ್ಟುಕೊಳ್ಳುವ ಜಾಗಕ್ಕೆ ಬ್ಲ್ಯಾಕ್‌ಬೋರ್ಡ್ ಎಂದೇ ಹೆಸರು. ಮೇಷ್ಟ್ರು ಮೊದಲು ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ಮುಗಿಸಿ, ಆಮೇಲೆ "ಬರ್ಕೊಳ್ಳಿ" ಎಂದ ಹಾಗೆ, ಸಾಮಾನ್ಯ ಡೊಮೈನ್‌ಗಳ ಬೆಲೆಗಳೆಲ್ಲ ಮೊದಲು ಹಲಗೆ ಮೇಲೆ ಕೂರುತ್ತವೆ, ನಂತರ ಒಟ್ಟಿಗೆ ಹಾರ್ಡ್‌ವೇರ್‌ಗೆ ಹೋಗುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಕ್ರಮ ಬೇಕಾದವರಿಗೆಂದೇ ಸೀಕ್ವೆನ್ಸ್ ಅವೇರ್ ಎಂಬ ಗುರುತು ಇದೆ. ಆ ಗುರುತಿರುವ ಡೊಮೈನ್ ಒಂದೊಂದೇ ಬೆಲೆಯನ್ನು ಪಟ್ಟಿಯಲ್ಲಿ ಬರೆದ ಕ್ರಮದಲ್ಲೇ ಹಾರ್ಡ್‌ವೇರ್‌ಗೆ ಇಳಿಸುತ್ತದೆ. ನೀವು ಜಾಣತನದಿಂದ ಸ್ಪೀಕರ್ ಸ್ವಿಚ್ಚಿನ ಡೊಮೈನ್‌ಗೆ ಆ ಗುರುತು ಹಾಕಿದ್ದೀರಿ. ಗೇನ್ ಡೊಮೈನ್‌ಗೆ ಹಾಕಿಲ್ಲ. ಆದರೆ ಗುರುತಿಲ್ಲದ ಡೊಮೈನ್‌ಗಳೆಲ್ಲ ಮೊದಲು ಮುಗಿದು, ಗುರುತಿರುವವು ಆಮೇಲೆ ನಡೆಯುತ್ತವೆ. ಹಾಗಾಗಿ ನಿಮ್ಮಲ್ಲಿ ಘೋಷಣೆಯ ಎತ್ತರದ ಗೇನ್ ಮೊದಲು ಕೂರುತ್ತದೆ, ಸ್ಪೀಕರ್ ಮುಚ್ಚುವುದು ಅದರ ನಂತರ. ಒಂದೇ ಅಪ್ಲೈ ಮಾಡಿದರೂ ಕೆಲವು ಮಿಲಿಸೆಕೆಂಡು ಕಿರಿಕ್ ಎನ್ನುತ್ತದೆ.

ಪರಿಹಾರ, ಪರಸ್ಪರ ಕ್ರಮ ಬೇಕಿರುವ ಸ್ವಿಚ್ ಮತ್ತು ಗೇನ್ ಎರಡನ್ನೂ ಒಂದೇ ಸೀಕ್ವೆನ್ಸ್ ಅವೇರ್ ಡೊಮೈನ್‌ಗೆ ತಂದು, ಸ್ವಿಚ್ಚನ್ನು ಪಟ್ಟಿಯಲ್ಲಿ ಮೇಲಿಡುವುದು. ಇದಕ್ಕೂ ಒಂದು ಮಿತಿ ಇದೆ. ಹೆಡ್‌ಫೋನ್‌ಗೆ ಹೋಗುವಾಗ ಸ್ವಿಚ್ ಮೊದಲು, ಗೇನ್ ಆಮೇಲೆ ಆಗಬೇಕು. ಸ್ಪೀಕರ್‌ಗೆ ಮರಳುವಾಗ ಗೇನ್ ಮೊದಲು ಇಳಿದು ಆಮೇಲೆ ಸ್ವಿಚ್ ತೆರೆಯಬೇಕು. ಒಂದೇ ಪಟ್ಟಿ ಎರಡು ದಿಕ್ಕಿಗೂ ಆಗುವುದಿಲ್ಲ. ಹೀಗಿರುವಾಗ ನಾನು "ಹಂತ" ಎಂಬ ಇನ್ನೊಂದು ಕ್ರೈಟೀರಿಯನ್ ಸೇರಿಸುತ್ತೇನೆ: ಮೊದಲು ಹಂತ "ಮ್ಯೂಟ್", ಅಪ್ಲೈ, ಉಳಿದ ಕ್ರೈಟೀರಿಯಾ ಬದಲಿಸಿ, ಅಪ್ಲೈ, ಹಂತ "ತೆರೆ", ಅಪ್ಲೈ. ಬೇಕೆಂದೇ ಮಾಡಿದ ಮೂರು ಅಪ್ಲೈ ಸರಿ, ಗೊತ್ತಿಲ್ಲದೆ ಆದ ಎರಡು ತಪ್ಪು. ಇನ್ನೊಂದು ಮಾತು: ನಿಮ್ಮ ಕೋಡೆಕ್ ಡ್ರೈವರ್ ಲಿನಕ್ಸ್ ಕರ್ನೆಲ್‌ನ ಡಿಎಪಿಎಂ (ಆಡಿಯೋ ಭಾಗಗಳ ಪವರ್ ನಿರ್ವಹಿಸುವ ವ್ಯವಸ್ಥೆ) ಅನ್ನು ಸರಿಯಾಗಿ ಬಳಸಿದ್ದರೆ, ಆಂಪ್ಲಿಫೈಯರ್‌ಗೆ ಪವರ್ ಕೊಡುವ, ತೆಗೆಯುವ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ. ಅಂಥ ಕೆಲಸವನ್ನು ಎಕ್ಸ್‌ಎಂಎಲ್‌ಗೆ ಎಳೆದು ತರಬೇಡಿ.

ಮಾಯವಾಗುವ ಗೇನ್ ಬಗ್ಗೆ ಹೇಳುವುದು ಇಷ್ಟು ಉದ್ದವಿಲ್ಲ. ಟ್ಯೂನಿಂಗ್ ಮೋಡ್ ಆನ್ ಇರುವಾಗ ಫ್ರೇಮ್‌ವರ್ಕ್ ರೂಲ್‌ಗಳನ್ನು ಅನ್ವಯಿಸುವುದನ್ನು ನಿಲ್ಲಿಸುತ್ತದೆ, ನಿಮ್ಮ ಧ್ವನಿ ಪರಿಣತರ ಕೈಗೆ ಹಲಗೆಯನ್ನು ಬಿಟ್ಟುಕೊಡುತ್ತದೆ. ಅವರು ಬರೆದದ್ದು ಹಲಗೆ ಮೇಲೆ ಮಾತ್ರ ಇರುತ್ತದೆ, ಆಟೋಸಿಂಕ್ ಆನ್ ಇದ್ದರೆ ಆಗಿಂದಾಗಲೇ ಹಾರ್ಡ್‌ವೇರ್‌ಗೂ ಹೋಗಿ ಕಿವಿಗೆ ಕೇಳುತ್ತದೆ. ಮೋಡ್ ಆಫ್ ಮಾಡಿದ ಕೂಡಲೇ, ಆ ಹೊತ್ತಿಗೆ ಹೊಂದುವ ಕಾನ್ಫಿಗರೇಶನ್‌ಗಳನ್ನೆಲ್ಲ ಅದು ಒತ್ತಾಯವಾಗಿ ಮತ್ತೆ ಅನ್ವಯಿಸುತ್ತದೆ. ಹಲಗೆ ಒರೆಸಿ ಹಳೆಯ ಪಾಠ ಮತ್ತೆ ಬರೆದಂತೆ. ಆದ್ದರಿಂದ ಆಫ್ ಮಾಡುವ ಮುಂಚೆ, ಡೊಮೈನ್ ಹೆಸರು ಮತ್ತು ಕಾನ್ಫಿಗರೇಶನ್ ಹೆಸರು ಕೊಟ್ಟು ಸೇವ್‌ಕಾನ್ಫಿಗರೇಶನ್ ಆಜ್ಞೆ ಕೊಡಬೇಕು. ಅದೂ ಮೆಮೊರಿಯಲ್ಲಿ ಮಾತ್ರ. ಪೆಟ್ಟಿಗೆ ಆಫ್ ಆದರೆ ಹೋಯಿತು. ಉಳಿಯಬೇಕೆಂದರೆ ಡೊಮೈನ್‌ಗಳನ್ನು ಬೆಲೆಗಳ ಸಮೇತ ಎಕ್ಸ್‌ಎಂಎಲ್ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ಗಿಟ್‌ಗೆ ಸೇರಿಸಬೇಕು. ನಿಮ್ಮ ಪರಿಣತರಿಗೆ ಈ ಮೂರು ಆಜ್ಞೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಎರಡು ತಿಂಗಳು ಕಿವಿ ಕೊಟ್ಟು ಮಾಡಿದ ಕೆಲಸ ಒಂದು ರೀಬೂಟ್‌ಗೆ ಹೋಗುವುದು ಅವರಿಗೆ ಎಷ್ಟು ನೋವಿನ ವಿಷಯ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಸುಟ್ಟ ಸ್ಪೀಕರ್‌ಗಳು. ಇದರ ಬಗ್ಗೆ ನನಗೆ ನಿಜವಾಗಿ ಆತಂಕವಾಯಿತು. ಸ್ಪೀಕರಿನ ಬೆಲೆ ದೊಡ್ಡದಲ್ಲ, ಆದರೆ ನಿಮ್ಮ ಪೆಟ್ಟಿಗೆ ಶಾಲೆಗಳಿಗೆ ಹೋಗುತ್ತದೆ.

ನಿಮ್ಮ ಗೇನ್ ಡೊಮೈನ್‌ನಲ್ಲಿ ಎರಡೇ ಕಾನ್ಫಿಗರೇಶನ್ ಇವೆ. ಒಂದರ ರೂಲ್: ದಾರಿ ಸ್ಪೀಕರ್ ಇಲ್ಲವೇ ಹೆಡ್‌ಫೋನ್ ಆಗಿದ್ದು, ಸ್ಥಿತಿ ಘೋಷಣೆ. ಇನ್ನೊಂದರದು: ದಾರಿ ಲೈನ್. ಲೈನ್‌ನಲ್ಲಿ ಗೇನ್ 6 ಡೆಸಿಬೆಲ್ ಹೆಚ್ಚು ಇಟ್ಟಿದ್ದೀರಿ, ಹೊರಗಿನ ಆಂಪ್ಲಿಫೈಯರ್‌ಗೆ ಅಷ್ಟು ಬೇಕಿತ್ತು. ಸರಿಯೇ. ಈಗ ಯಾರೋ ಲೈನ್ ಕೇಬಲ್ ಕಿತ್ತು, ಒಳಗಿನ ಸ್ಪೀಕರ್‌ನಲ್ಲಿ ಸಂಗೀತ ಹಾಕಿದರು ಎನ್ನಿ. ದಾರಿ ಸ್ಪೀಕರ್, ಸ್ಥಿತಿ ಸಂಗೀತ. ಎರಡೂ ರೂಲ್ ಹೊಂದುವುದಿಲ್ಲ. ಯಾವುದೂ ಹೊಂದದಿದ್ದರೆ ಹಿಂದಿನದೇ ಉಳಿಯುತ್ತದೆ ಎಂದೆನಲ್ಲ, ಲೈನ್‌ನ ಗೇನ್ ಉಳಿಯಿತು. ಸ್ವಿಚ್ ಡೊಮೈನ್ ಮಾತ್ರ ತನ್ನ ಪಾಲಿನ ಕೆಲಸ ಮಾಡಿ ಸ್ಪೀಕರನ್ನು ತೆರೆಯಿತು.

6 ಡೆಸಿಬೆಲ್ ಎಂದರೆ ಸುಮಾರು ಎರಡು ಪಟ್ಟು ವೋಲ್ಟೇಜ್, ನಾಲ್ಕು ಪಟ್ಟು ವಿದ್ಯುತ್ ಶಕ್ತಿ (ವ್ಯಾಟ್). 8 ಓಮ್‌ನಲ್ಲಿ 3 ವ್ಯಾಟ್ ಎಂದರೆ ಸುಮಾರು 4.9 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜಿನ ಪರಿಣಾಮಕಾರಿ ಮಟ್ಟ). ಅದಕ್ಕೆ 6 ಡೆಸಿಬೆಲ್ ಕೂಡಿಸಿದರೆ 12 ವ್ಯಾಟ್ ಕೇಳಿದಂತಾಯಿತು. ನಿಮ್ಮ ಆಂಪ್ಲಿಫೈಯರ್‌ನ ಪೂರೈಕೆ ಅಷ್ಟನ್ನು ಕೊಡಲಾರದೆ ಅಲೆಯ ತಲೆ ಕತ್ತರಿಸಿದರೂ ಸ್ಪೀಕರ್ ಬದುಕುವುದಿಲ್ಲ. ಕತ್ತರಿಸಿದ ಅಲೆಯಲ್ಲೂ ಸ್ಪೀಕರ್ ಒಳಗಿನ ಕಾಯಿಲ್ (ತಂತಿಸುರುಳಿ) ಬಿಸಿಯಾಗುತ್ತದೆ. ಘೋಷಣೆ ಕೆಲವು ಸೆಕೆಂಡಿನದು, ತಡೆದುಕೊಂಡೀತು. ಸಂಗೀತ ಅರ್ಧ ಗಂಟೆ ಓಡಿದರೆ ಕಾಯಿಲ್‌ಗೆ ತಣ್ಣಗಾಗಲು ಹೊತ್ತೇ ಸಿಗುವುದಿಲ್ಲ. ಎರಡು ಸ್ಪೀಕರೂ ಸಂಗೀತದ ಸಮಯದಲ್ಲೇ ಹೋದವು ಎಂದು ನೀವು ಲಾಗಿನ ಪಕ್ಕ ಬರೆದಿದ್ದೀರಿ. ನನಗೆ ಅಲ್ಲಿಯೇ ಉತ್ತರ ಸಿಕ್ಕಿತು.

ಇದೇ ಬಗೆಯದ್ದು ನನ್ನ ಕೈಯಲ್ಲೂ ಆಗಿದೆ. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ತಂಡದಲ್ಲಿ ಫೋನ್ ಕರೆಯ ಗೇನ್‌ಗೆ ರೂಲ್ ಬರೆದು, ಅಲಾರಂಗೆ ಬರೆಯುವುದನ್ನು ಮರೆತಿದ್ದೆವು. ಕರೆಯ ನಂತರ ಬಂದ ಅಲಾರಂ ಕಿವಿಯ ಹತ್ತಿರದ ಸ್ಪೀಕರ್‌ನಲ್ಲಿ ಜೋರಾಗಿ ಹೊಡೆಯಿತು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಫೋನ್ ಕೆಳಗೆ ಹಾಕಿದಳು. ಅವತ್ತಿನಿಂದ ಒಂದು ನಿಯಮ ಪಾಲಿಸುತ್ತಿದ್ದೇನೆ. ಪ್ರತಿ ಡೊಮೈನ್‌ನ ಕೊನೆಯಲ್ಲಿ "ಡೀಫಾಲ್ಟ್" ಎಂಬ ಕಾನ್ಫಿಗರೇಶನ್, ಅದರ ರೂಲ್ ಒಳಗೇನೂ ಇಲ್ಲದ ಒಂದು "ಆಲ್". ಖಾಲಿ "ಆಲ್" ಯಾವಾಗಲೂ ಹೊಂದುತ್ತದೆ. ಖಾಲಿ "ಎನಿ" ಯಾವತ್ತೂ ಹೊಂದುವುದಿಲ್ಲ, ಆ ಎರಡು ಪದ ಅದಲುಬದಲಾಗದಂತೆ ನೋಡಿಕೊಳ್ಳಿ. ಡೀಫಾಲ್ಟ್ ಒಳಗೆ ಅತ್ಯಂತ ಸುರಕ್ಷಿತ ಬೆಲೆಗಳು: ಗೇನ್ ಕೆಳಗೆ, ಸ್ವಿಚ್ ಮುಚ್ಚಿ. ಯಾರೂ ಊಹಿಸದ ಸಂದರ್ಭ ಬಂದರೆ ಪೆಟ್ಟಿಗೆ ಸುಮ್ಮನಾಗಲಿ, ಕೂಗದಿರಲಿ. ಮೊದಲು ಹೊಂದಿದ್ದೇ ಗೆಲ್ಲುತ್ತದೆ ಎಂಬ ಕಾರಣಕ್ಕೆ ಅದು ಕೊನೆಯಲ್ಲೇ ಇರಬೇಕು. ಮೇಲೆ ಇಟ್ಟರೆ ಉಳಿದವು ಯಾವುವೂ ಬರುವುದಿಲ್ಲ.

ಆದರೆ ಸ್ಪೀಕರಿನ ಪ್ರಾಣವನ್ನು ಇಷ್ಟರ ಮೇಲೆ ಬಿಡಬೇಡಿ. ಪ್ಯಾರಾಮೀಟರ್‌ಗಳ ಹೆಸರು, ಬಗೆ, ಮಿತಿಗಳಿರುವ ಸ್ಟ್ರಕ್ಚರ್ ಫೈಲಿನಲ್ಲಿ ಕನಿಷ್ಠ, ಗರಿಷ್ಠ ಬರೆದರೆ ಅದರ ಹೊರಗಿನ ಬೆಲೆಯನ್ನು ಫ್ರೇಮ್‌ವರ್ಕ್ ತಿರಸ್ಕರಿಸುತ್ತದೆ, ಅದು ಒಳ್ಳೆಯದು. ನೀವು ಕೋಡೆಕ್ ಡೇಟಾಶೀಟ್‌ನ ಗರಿಷ್ಠವನ್ನೇ ಅಲ್ಲಿ ಬರೆದಿದ್ದೀರಿ. ಸ್ಪೀಕರ್ ತಡೆಯುವ ಗರಿಷ್ಠ ಬರೆಯಬೇಕಿತ್ತು. ಆದರೂ ಇದು ಫ್ರೇಮ್‌ವರ್ಕ್ ಮೂಲಕ ಬಂದವರನ್ನು ಮಾತ್ರ ತಡೆಯುತ್ತದೆ. ನಿಮ್ಮ ಬೂಟ್ ಸ್ಕ್ರಿಪ್ಟಿನಲ್ಲಿ ಹಳೆಯ ಕಾಲದ ಅಮಿಕ್ಸರ್ (ಆಲ್ಸಾ ಮಿಕ್ಸರನ್ನು ನೇರವಾಗಿ ಬದಲಿಸುವ ಆಜ್ಞೆ) ಸಾಲುಗಳು ಇನ್ನೂ ಇವೆ, ಗಮನಿಸಿದಿರಾ? ಅವು ಕೋಡೆಕ್‌ಗೆ ನೇರವಾಗಿ ಬರೆಯುತ್ತವೆ. ಫ್ರೇಮ್‌ವರ್ಕಿನ ಹಲಗೆಗೆ ಅದು ಗೊತ್ತೇ ಆಗುವುದಿಲ್ಲ. ಕಾನ್ಫಿಗರೇಶನ್ ಬದಲಾಗದಿದ್ದರೆ ಅದು ಮತ್ತೆ ಬರೆಯುವುದೂ ಇಲ್ಲ, ಹೀಗಾಗಿ ಹಲಗೆ ಒಂದು ಹೇಳುತ್ತದೆ, ಹಾರ್ಡ್‌ವೇರ್ ಇನ್ನೊಂದು ಮಾಡುತ್ತದೆ. ಆ ಸಾಲುಗಳನ್ನು ಇವತ್ತೇ ತೆಗೆಯಿರಿ. ನಿಜವಾದ ಬೇಲಿಯನ್ನು ಕರ್ನೆಲ್‌ನಲ್ಲಿ ಹಾಕಿ: ಎಎಸ್‌ಒಸಿ (ಆಲ್ಸಾದ ಎಂಬೆಡೆಡ್ ಭಾಗ) ಮೆಷೀನ್ ಡ್ರೈವರ್‌ನಿಂದ (ಬೋರ್ಡಿನ ಆಡಿಯೋ ಜೋಡಣೆ ಹೇಳುವ ಡ್ರೈವರ್) ಕರೆಯಬಹುದಾದ ಎಸ್‌ಎನ್‌ಡಿ_ಎಸ್‌ಒಸಿ_ಲಿಮಿಟ್_ವಾಲ್ಯೂಮ್ ಎಂಬ ಫಂಕ್ಷನ್ ಇದೆ, ಕಾರ್ಡ್, ಕಂಟ್ರೋಲ್ ಹೆಸರು, ಗರಿಷ್ಠ ಇಷ್ಟನ್ನು ಕೊಟ್ಟರೆ ಮೇಲಿನಿಂದ ಯಾರೂ ಆ ಕಂಟ್ರೋಲನ್ನು ಅದಕ್ಕಿಂತ ಮೇಲೇರಿಸಲಾಗದು. ಸಂದರ್ಭಕ್ಕೆ ತಕ್ಕಂತೆ ಬದಲಾಗುವುದು ಎಕ್ಸ್‌ಎಂಎಲ್‌ನಲ್ಲಿರಲಿ. ಯಾವ ಸಂದರ್ಭದಲ್ಲೂ ಮೀರಬಾರದ್ದು ಡ್ರೈವರ್‌ನಲ್ಲಿರಲಿ. ನಿಮ್ಮಲ್ಲಿ ಲೈನ್ ಮತ್ತು ಸ್ಪೀಕರ್ ಒಂದೇ ಗೇನ್ ಕಂಟ್ರೋಲನ್ನು ಹಂಚಿಕೊಂಡಿರುವುದರಿಂದ ಆ ಬೇಲಿ ಲೈನ್‌ಗೂ ಬೀಳುತ್ತದೆ. ಸ್ಪೀಕರ್ ಆಂಪ್ಲಿಫೈಯರ್‌ಗೆ ಪ್ರತ್ಯೇಕ ಕಂಟ್ರೋಲ್ ಇದ್ದರೆ ಅದನ್ನು ಬಿಗಿ ಮಾಡಿ. ಇಲ್ಲದಿದ್ದರೆ ಆಂಪ್ಲಿಫೈಯರ್‌ನ ಸ್ಥಿರ ಗೇನನ್ನೇ ಬೋರ್ಡಿನ ರೆಸಿಸ್ಟರ್ ಬದಲಿಸಿ ಇಳಿಸುವುದು ಲೇಸು.

ಪ್ಲಗಿನ್ ವಿಷಯದಲ್ಲಿ ನೀವು ಕೇಳದ ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ, ಹೊಸ ಬೋರ್ಡ್ ಬಂದಾಗ ನೀವು ಖಂಡಿತ ಇದಕ್ಕೆ ಸಿಕ್ಕಿಬೀಳುತ್ತೀರಿ. ಎಕ್ಸ್‌ಎಂಎಲ್‌ನಲ್ಲಿ ಹೇಳಿದ ಸಬ್‌ಸಿಸ್ಟಂಗೆ (ಒಂದು ಪ್ಲಗಿನ್ ನೋಡಿಕೊಳ್ಳುವ ಭಾಗ) ಪ್ಲಗಿನ್ ಸಿಗದಿದ್ದರೆ ಫ್ರೇಮ್‌ವರ್ಕ್ ಶುರುವಾಗದೆ ನಿಲ್ಲುವಂತೆಯೂ ಮಾಡಬಹುದು, ವರ್ಚುವಲ್ ಸಬ್‌ಸಿಸ್ಟಂ ಎಂಬ ಖೊಟ್ಟಿ ದುಬಾಷಿಯನ್ನು ನಿಲ್ಲಿಸಿ ಮುಂದುವರಿಯುವಂತೆಯೂ ಮಾಡಬಹುದು. ಎರಡನೆಯದರಲ್ಲಿ ಎಲ್ಲ ಆಜ್ಞೆಗೂ ಸರಿ ಎಂಬ ಉತ್ತರ ಬರುತ್ತದೆ, ಓದಿದರೆ ಬರೆದ ಬೆಲೆಯೇ ಸಿಗುತ್ತದೆ, ಹಾರ್ಡ್‌ವೇರ್‌ಗೆ ಮಾತ್ರ ಏನೂ ಮುಟ್ಟಿರುವುದಿಲ್ಲ. ಲ್ಯಾಪ್‌ಟಾಪ್ ಮೇಲೆ ಪರೀಕ್ಷೆಗೆ ಇದು ವರ. ಪೆಟ್ಟಿಗೆಯಲ್ಲಿ ಶಾಪ. ಪೆಟ್ಟಿಗೆಗೆ ಹೋಗುವ ಬಿಲ್ಡ್‌ನಲ್ಲಿ ಪ್ಲಗಿನ್ ಇಲ್ಲದಿದ್ದರೆ ನಿಂತುಬಿಡುವಂತೆ ಇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬಿಡಬೇಕೇ?

ಹಳೆಯ ಇಫ್-ಎಲ್ಸ್‌ಗೆ ಮರಳುವುದು ಒಂದು ದಾರಿ. ನಾಳೆಯೇ ಪೆಟ್ಟಿಗೆ ಕಳಿಸಬೇಕಿದ್ದರೆ ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಬೇರೆ ಕೋಡೆಕ್ ಬಂದ ದಿನ ಆ ಕೋಡು ಎರಡಾಗಿ ಸೀಳುತ್ತದೆ, ಪ್ರತಿ ಗೇನ್ ಬದಲಾವಣೆಗೂ ನಿಮ್ಮ ಪರಿಣತರು ನಿಮ್ಮ ಮೇಜಿನ ಬಳಿ ಬಂದು ನಿಲ್ಲುತ್ತಾರೆ, ಪ್ರತಿ ಸಲ ಕಂಪೈಲ್ ಆಗಬೇಕು.

ಆಲ್ಸಾ ಜೊತೆಗೇ ಬರುವ ಯುಸಿಎಂ (ಯೂಸ್ ಕೇಸ್ ಮ್ಯಾನೇಜರ್) ಇನ್ನೊಂದು ದಾರಿ. ಅದರಲ್ಲಿ ಒಂದು ವರ್ಬ್ (ಬಳಕೆಯ ಸಂದರ್ಭ), ಅದರಡಿ ಸಾಧನಗಳು, ಒಂದೊಂದು ಸಾಧನಕ್ಕೂ ತೆರೆಯುವ ಕ್ರಮ ಮತ್ತು ಮುಚ್ಚುವ ಕ್ರಮ ಬೇರೆ ಬೇರೆ ಬರೆಯಬಹುದು. ನಿಮ್ಮ ಕೂಗಿನ ತೊಂದರೆಗೆ ಈ ಎರಡು ಕ್ರಮಗಳೇ ಸಹಜ ಪರಿಹಾರ. ಫ್ರೇಮ್‌ವರ್ಕಿನಲ್ಲಿ ನಾವು "ಹಂತ" ಎಂದು ಸುತ್ತಿ ಮಾಡಿದ್ದನ್ನು ಇದು ನೇರವಾಗಿ ಮಾಡುತ್ತದೆ. ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಲ್ಲಿರುವುದರಿಂದ ಸಹಾಯ ಕೇಳಲು ಜನರೂ ಸಿಗುತ್ತಾರೆ. ಆದರೆ ರಾತ್ರಿ, ಸ್ಥಿತಿ, ದಾರಿ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದೆ ಬದಲಾಗುವ ಸಂಗತಿಗಳು ಹೆಚ್ಚಾದಂತೆ ಅದರಲ್ಲಿ ಬರೆಯುವುದು ಕಷ್ಟವಾಗುತ್ತ ಹೋಗುತ್ತದೆ. ಓಡುತ್ತಿರುವಾಗಲೇ ದೂರದಿಂದ ಟ್ಯೂನ್ ಮಾಡುವ, ಉಳಿಸುವ ಅನುಕೂಲವೂ ಅದರಲ್ಲಿಲ್ಲ. ಒಂದೇ ಬೋರ್ಡ್, ಮೂರೇ ದಾರಿ, ಟ್ಯೂನ್ ಮಾಡುವವರು ನೀವೊಬ್ಬರೇ ಎಂದಿದ್ದರೆ ನಾನು ಎರಡನೆಯ ಯೋಚನೆ ಇಲ್ಲದೆ ಯುಸಿಎಂ ಅನ್ನುತ್ತಿದ್ದೆ. ಆಂಡ್ರಾಯ್ಡ್‌ನಲ್ಲಿ ಬಳಸುವ ಮಿಕ್ಸರ್ ಪಾತ್ಸ್ ಫೈಲ್ ಇನ್ನೂ ಸರಳ, ಆದರೆ ರೂಲ್‌ಗಳೇ ಇಲ್ಲದ ಕಾರಣ ನಿರ್ಧಾರವೆಲ್ಲ ಮತ್ತೆ ನಿಮ್ಮ ಕೋಡಿಗೇ ಬರುತ್ತದೆ.

ಪ್ಯಾರಾಮೀಟರ್ ಫ್ರೇಮ್‌ವರ್ಕಲ್ಲೇ ಉಳಿದರೆ ಅದರ ಬೆಲೆಯೂ ಗೊತ್ತಿರಲಿ. ಬಿಎಸ್‌ಡಿ ಲೈಸೆನ್ಸ್, ಆದ್ದರಿಂದ ಮಾರುವ ಪೆಟ್ಟಿಗೆಯಲ್ಲಿ ಹಾಕಲು ಅಡ್ಡಿಯಿಲ್ಲ. ಮೂಲ ಕೋಡಿನ ತಲೆಯಲ್ಲಿ 2011ರಿಂದ 2015ರ ಹಕ್ಕುಸ್ವಾಮ್ಯ ಕಾಣುತ್ತದೆ. ಅಂದರೆ ಇದು ಹೊಸ ಹುರುಪಿನ ಪ್ರಾಜೆಕ್ಟ್ ಅಲ್ಲ, ತೊಂದರೆ ಬಂದರೆ ನೀವೇ ಸಿ++ ತೆರೆದು ಕೂರಬೇಕು. ಸಣ್ಣ ತಂಡಕ್ಕೆ ಇದು ಹಗುರ ಹೊರೆಯಲ್ಲ. ತಂಡದಲ್ಲಿ ಕನಿಷ್ಠ ಇನ್ನೊಬ್ಬರಿಗೆ ಇದು ನಿಮ್ಮಷ್ಟೇ ಗೊತ್ತಿರಬೇಕು.

ಇಷ್ಟೆಲ್ಲ ತೂಗಿ ನೋಡಿದರೆ, ಬೇರೆ ಕೋಡೆಕ್‌ನ ಎರಡು ಬೋರ್ಡ್ ಬರುತ್ತಿವೆ, ಧ್ವನಿಯ ಕೆಲಸ ಮಾಡುವವರಿಗೆ ಕೋಡಿಂಗ್ ಬರುವುದಿಲ್ಲ ಎಂಬ ಎರಡು ಕಾರಣಕ್ಕೆ, ಉಳಿಯಿರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕೊಟ್ಟಿರುವ ಕೆಲಸವನ್ನು ಅರ್ಧಕ್ಕಿಳಿಸಿ. ನಿಮ್ಮ ಸ್ಟ್ರಕ್ಚರ್ ಫೈಲಿನಲ್ಲಿ ಕೋಡೆಕ್‌ನ ಹೆಚ್ಚುಕಡಿಮೆ ಎಲ್ಲ ಕಂಟ್ರೋಲುಗಳೂ ಇವೆ. ಎಂದೂ ಬದಲಾಗದ ಕ್ಲಾಕ್, ಬಯಸ್‌ನಂಥವನ್ನು ಡ್ರೈವರ್‌ಗೂ ಡಿವೈಸ್ ಟ್ರೀಗೂ (ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಫೈಲ್) ಮರಳಿಸಿ. ಯಾವ ಡೊಮೈನ್‌ಗೂ ಸೇರದೆ ಉಳಿದ ಪ್ಯಾರಾಮೀಟರ್‌ಗಳಿಗೆ ಇವರ ಭಾಷೆಯಲ್ಲಿ ರೋಗ್ ಎನ್ನುತ್ತಾರೆ, ಎರಡೆರಡು ಡೊಮೈನ್‌ಗೆ ಸೇರಿದವಕ್ಕೆ ಕಾನ್‌ಫ್ಲಿಕ್ಟಿಂಗ್. ಎರಡನ್ನೂ ಪಟ್ಟಿ ಮಾಡುವ ಆಜ್ಞೆಗಳಿವೆ, ಲಿಸ್ಟ್‌ರೋಗ್‌ಎಲಿಮೆಂಟ್ಸ್ ಮತ್ತು ಲಿಸ್ಟ್‌ಕಾನ್‌ಫ್ಲಿಕ್ಟಿಂಗ್‌ಎಲಿಮೆಂಟ್ಸ್. ನಿಮ್ಮಲ್ಲಿ ಸ್ಪೀಕರ್ ಗೇನ್ ರಾತ್ರಿಯ ಡೊಮೈನ್‌ನಲ್ಲೂ ಇದೆ, ಗೇನ್ ಡೊಮೈನ್‌ನಲ್ಲೂ ಇದೆ. ಯಾವುದು ಕೊನೆಗೆ ಬರೆದರೆ ಅದೇ ನಿಲ್ಲುತ್ತದೆ. ಅದನ್ನು ಒಂದೇ ಮನೆಗೆ ಸೇರಿಸಿ.

ಆಮೇಲೆ 24 ಸಂದರ್ಭಗಳನ್ನೂ ಲ್ಯಾಪ್‌ಟಾಪ್ ಮೇಲೆ ನಡೆಸಿ ನೋಡಿ. ಫ್ರೇಮ್‌ವರ್ಕ್ ಜೊತೆಗೇ ಟೆಸ್ಟ್ ಪ್ಲಾಟ್‌ಫಾರ್ಮ್ ಎಂಬ ಪ್ರೋಗ್ರಾಂ ಬರುತ್ತದೆ, ಹಾರ್ಡ್‌ವೇರ್ ಇಲ್ಲದೆ ಕ್ರೈಟೀರಿಯಾ ಬದಲಿಸಿ ಏನಾಯಿತೆಂದು ಕೇಳಬಹುದು. 24ರಲ್ಲಿ ಪ್ರತಿಯೊಂದರಿಂದ ಪ್ರತಿಯೊಂದಕ್ಕೆ ಜಿಗಿಯುವುದು 552 ಬಗೆ. ಸ್ಕ್ರಿಪ್ಟ್‌ಗೆ ಅದು ದೊಡ್ಡ ಲೆಕ್ಕವಲ್ಲ. ಸ್ಪೀಕರ್ ಸುಟ್ಟ ದೋಷ ಸಂದರ್ಭದಲ್ಲಿರಲಿಲ್ಲ, ಜಿಗಿತದಲ್ಲಿತ್ತು. ಆದ್ದರಿಂದ ಜಿಗಿತಗಳನ್ನೇ ಪರೀಕ್ಷಿಸಿ. ಪ್ರತಿ ಜಿಗಿತದ ನಂತರ ಸ್ಪೀಕರ್ ತೆರೆದಿದ್ದು ಗೇನ್ ಮಿತಿ ಮೀರಿದ್ದರೆ ಸ್ಕ್ರಿಪ್ಟ್ ಕೆಂಪು ತೋರಿಸಲಿ.

ಮಾರಾಟಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಟ್ಯೂನಿಂಗ್‌ಅಲೌಡ್ (ನೆಟ್‌ವರ್ಕ್ ಮೂಲಕ ಟ್ಯೂನ್ ಮಾಡಲು ಬಿಡುವ ಸೆಟ್ಟಿಂಗ್) ಎಂಬುದನ್ನು ಫಾಲ್ಸ್ ಮಾಡುವುದನ್ನು ಮರೆಯಬೇಡಿ. ನಿಮ್ಮ ಫೈಲಿನಲ್ಲಿ ಅದು ಇನ್ನೂ ಟ್ರೂ ಇದೆ, ಪೋರ್ಟ್ 5000. ಅದು ತೆರೆದಿದ್ದರೆ ಆ ಶಾಲೆಯ ವೈಫೈಗೆ ಸೇರಿದ ಯಾರು ಬೇಕಾದರೂ, ಪಾಸ್‌ವರ್ಡ್ ಕೂಡ ಇಲ್ಲದೆ, ನಿಮ್ಮ ಗೇನನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು.

ಮುಂದಿನ ಸ್ಪೀಕರ್ ಹಾಕುವ ಮೊದಲು ಅದರ ಜಾಗದಲ್ಲಿ 8 ಓಮ್, 20 ವ್ಯಾಟಿನ ಒಂದು ರೆಸಿಸ್ಟರ್ ಹಾಕಿ. 1 ಕಿಲೋಹರ್ಟ್ಸ್ ಸೈನ್ ಅಲೆಯನ್ನು ಪೂರ್ತಿ ಮಟ್ಟದಲ್ಲಿ ನುಡಿಸಿ, ಎಲ್ಲ ಸಂದರ್ಭಗಳಲ್ಲೂ ಅಳೆಯಿರಿ, 4.9 ವೋಲ್ಟ್ ಆರ್‌ಎಂಎಸ್ ದಾಟಬಾರದು. ನಿಮ್ಮದು ಕ್ಲಾಸ್-ಡಿ (ಅತಿವೇಗದಲ್ಲಿ ಆನ್-ಆಫ್ ಆಗುತ್ತ ಸದ್ದು ಕೊಡುವ) ಆಂಪ್ಲಿಫೈಯರ್ ಆದ್ದರಿಂದ ಫಿಲ್ಟರ್ ಹಾಕದೆ ಮಲ್ಟಿಮೀಟರ್‌ನಲ್ಲಿ ನೋಡಿದರೆ ಸುಳ್ಳು ಅಂಕಿ ಬರುತ್ತದೆ, ಒಂದು ಲೋಪಾಸ್ ಫಿಲ್ಟರ್ ಕಟ್ಟಿ ಆಸಿಲೋಸ್ಕೋಪ್‌ನಲ್ಲೇ ನೋಡಿ. ಆ ಅಂಕಿಗಳನ್ನೂ, ಡೀಫಾಲ್ಟ್ ಸೇರಿಸಿದ ಮೇಲಿನ ಲಾಗನ್ನೂ ಕಳಿಸಿದರೆ ಮತ್ತೊಮ್ಮೆ ನೋಡಿಕೊಡುತ್ತೇನೆ.